ಸೆಪ್ ಮತ್ತು ಬಿಳಿ ಸೂರು

ಪಾರಿವಾಳ ಎಂದರೆ ನನಗೆ ಮೊದಲಿನಿಂದಲೂ ಆಗದು. ರಾತ್ರಿಪಾಳಿ ಮುಗಿಸಿ ಬಂದು ಕಣ್ಣು ಮುಚ್ಚಿದರೆ ಗೋಡೆಯಾಚೆ ಗುಟುರ್‌ಗುಟುರ್ ಎನ್ನುತ್ತಿರುತ್ತವೆ. ಒಗೆದು ಹರವಿದ ಅಂಗಿಯ ಮೇಲೆ ಹಿಕ್ಕೆ ಹಾಕುತ್ತವೆ. ನಮ್ಮ ಗಣಿಯೂರು ಕಿರ್ಕ್‌ಲಾದಲ್ಲಿ ಈ ಮಾತನ್ನು ಬಾಯಿಬಿಟ್ಟು ಹೇಳುವುದು ಪ್ರಾರ್ಥನಾಮಂದಿರದಲ್ಲಿ ಬೈಗುಳ ಆಡಿದ ಹಾಗೆ. ಇಲ್ಲಿನ ಕಲ್ಲಿದ್ದಲು ಗಣಿಗೆ ಇಳಿಯುವ ಗಂಡಸು ಹೆಂಡತಿ ಹುಟ್ಟಿದ ದಿನವನ್ನು ಮರೆತಾನು, ಹಕ್ಕಿ ಮೊಟ್ಟೆಯಿಟ್ಟ ದಿನವನ್ನು ಮರೆಯಲಾರ. ಅಂಥವರ ಪೈಕಿ ನನ್ನ ಭಾವ ಜಾಸ್ ರೇನ್ ಎಲ್ಲರಿಗಿಂತ ಒಂದು ಕೈ ಮೇಲು. ಅವನಿಗೆ ನನ್ನ ಅಕ್ಕ ಹಾನಾಳನ್ನು ಕೊಟ್ಟದ್ದರಿಂದ ಆ ಹಕ್ಕಿಗಳೆಲ್ಲ ನನಗೂ ನೆಂಟರಾದವು. ನಾನು ಹೇಳಹೊರಟಿರುವುದು ಅವರ ಮಗ ಸೆಪ್‌ನ ಕತೆ. ಪಾರಿವಾಳವನ್ನು ಬಿಟ್ಟು ಅದನ್ನು ಹೇಳಲು ಬರುವುದಿಲ್ಲ.

ಸೆಪ್ ಅಕ್ಕನ ಏಳನೆಯ ಕೂಸು. ಅವನಿಗಿಂತ ಮೊದಲು ಮೂವರು ಹೆಣ್ಣುಮಕ್ಕಳು ಉಳಿದರು, ಮೂವರು ಗಂಡುಮಕ್ಕಳು ಮಣ್ಣಿಗೆ ಹೋದರು. ಇವನೂ ಹುಟ್ಟಿದಾಗ ಅಂಗೈಯಷ್ಟಿದ್ದ. "ಇದು ಭಾನುವಾರದ ತನಕ ಉಳಿಯೋದಿಲ್ಲ, ಹೆಸರು ಹುಡುಕೋ ತೊಂದರೆ ತಗೋಬೇಡಿ" ಎಂದಳು ಸೂಲಗಿತ್ತಿ. ಹಾಗಾಗಿ ಎಣಿಕೆಯನ್ನೇ ಹೆಸರಾಗಿ ಇಟ್ಟರು. ಸೆಪ್ಟಿಮಸ್, ಏಳನೆಯವನು. ಭಾನುವಾರ ಕಳೆಯಿತು, ಹುಡುಗ ಅಳುವುದನ್ನು ನಿಲ್ಲಿಸಲಿಲ್ಲ. ಸೂಲಗಿತ್ತಿಗೆ ನಾಚಿಕೆಯಾಗಿರಬೇಕು, ಆ ಬೀದಿಗೆ ಆಮೇಲೆ ಬಹಳ ದಿನ ಬರಲಿಲ್ಲ.

ಹದಿನಾಲ್ಕು ತುಂಬುತ್ತಲೇ ನಮ್ಮೆಲ್ಲರ ಹಾಗೆ ಗಣಿಗೆ ಇಳಿದ. ಬಂಡಿ ಎಳೆಯುವ ಕುದುರೆಗಳನ್ನು ನೋಡಿಕೊಳ್ಳುವ ಕೆಲಸ. ಕೆಳಗೆ ಕತ್ತಲಲ್ಲಿ ಕಬ್ಬಿಣದ ಕೊಳವೆಯ ಮೇಲೆ ಕಲ್ಲಿನಿಂದ ಟಕ್ ಟಕ್ ಎಂದು ಕುಟ್ಟಿ ಆ ತುದಿಯಲ್ಲಿದ್ದ ಗೆಳೆಯರಿಗೆ ಮೇಸ್ತ್ರಿ ಬರುವ ಸುದ್ದಿ ಕಳಿಸುತ್ತಿದ್ದ. ಆ ಮೇಸ್ತ್ರಿ ನಾನೇ. ಎಷ್ಟೋ ದಿನ ನಾನು ಹೋಗುವ ಕಡೆಯೆಲ್ಲ ಎಲ್ಲರೂ ಬೆವರು ಸುರಿಸಿ ದುಡಿಯುವುದನ್ನು ಕಂಡು ನಮ್ಮ ಊರಿನ ಹುಡುಗರು ಬಲು ಒಳ್ಳೆಯವರು ಎಂದುಕೊಂಡಿದ್ದೆ.

ಹದಿನೇಳರಲ್ಲಿ ಅವನು ಬಾಣಂತಿಯಾದ. ನಗಬೇಡಿ. ಮೊಟ್ಟೆಗೆ ಕೂತಿದ್ದ ಒಂದು ಹೆಣ್ಣು ಪಾರಿವಾಳವನ್ನು ಬೆಕ್ಕು ಹಿಡಿದಿತ್ತು. ಉಳಿದ ಒಂದು ಮೊಟ್ಟೆಯನ್ನು ಜಾಸ್ ಎಸೆಯಹೊರಟಾಗ ಸೆಪ್ ಅದನ್ನು ಕಿತ್ತುಕೊಂಡು ಅಂಗಿಯೊಳಗೆ, ಕಂಕುಳ ಹತ್ತಿರ ಇಟ್ಟುಕೊಂಡ. ಅನಾರೋಗ್ಯ ಎಂದು ಸುಳ್ಳು ಹೇಳಿ ಕೆಲಸಕ್ಕೆ ಚಕ್ಕರ್ ಹೊಡೆದು ಅಂಗಾತ ಮಲಗಿಬಿಟ್ಟ. ಮರಿ ಹೊರಬಂದಿತು. ಕಾಳನ್ನು ತನ್ನ ಬಾಯಲ್ಲಿ ಅಗಿದು ಅದರ ಬಾಯಿಗೆ ಕೊಟ್ಟ.

"ಈ ಮನೇಲಿ ಏಳು ಹೆತ್ತವಳು ನಾನು. ನನಗೆ ಯಾರೂ ಇಷ್ಟು ದಿನ ಹಾಸಿಗೇಲಿ ಮಲಗೋಕೆ ಬಿಡ್ಲಿಲ್ಲ" ಎಂದಳು ಅಕ್ಕ.

ಆ ಮರಿಗೆ ಒಂದು ಬೆರಳು ಸೊಟ್ಟಗಿತ್ತು. ಅದಕ್ಕೆ ಪೆಗ್, ಎಂದರೆ ಗೂಟ, ಎಂದು ಹೆಸರಿಟ್ಟ. ಎರಡೇ ವರ್ಷದಲ್ಲಿ ಪೆಗ್ ಜಾಸ್‌ನ ಗೂಡಿನಲ್ಲಿ ಎಲ್ಲಕ್ಕಿಂತ ವೇಗದ ಹಕ್ಕಿಯಾಯಿತು.

ಇಲ್ಲಿ ಎರಡು ಸಂಗತಿ ಹೇಳಬೇಕು. ನಮ್ಮ ಓಣಿಯ ಹಿಂದೆ ಗೂಡುಗಳು ಸಾಲಾಗಿವೆ, ಎಲ್ಲವೂ ಒಂದೇ ಅಳತೆಯ ಮರದ ಪೆಟ್ಟಿಗೆಗಳು. ಹಕ್ಕಿಗೆ ತನ್ನ ಮನೆ ಆಕಾಶದಿಂದ ಗುರುತು ಸಿಗಲೆಂದು ಒಬ್ಬೊಬ್ಬರೂ ಒಂದೊಂದು ಬಣ್ಣ ಬಳಿಯುತ್ತಾರೆ. ಜಾಸ್‌ನ ಗೂಡಿನ ಸೂರು ಹಾಲಿನಂಥ ಬಿಳಿ. ದೂರದ ಊರಿನಿಂದ ಹಾರಿಬಿಟ್ಟು ನಡೆಸುವ ಪಂದ್ಯದಲ್ಲಿ ಹಕ್ಕಿ ಊರಿನ ಮೇಲೆ ಬಂದರೆ ಸಾಲದು. ಗೂಡಿನೊಳಗೆ ನುಗ್ಗಿ ಅದರ ಕಾಲು ಕೈಗೆ ಸಿಕ್ಕರೆ ಮಾತ್ರ ಬಂದ ಲೆಕ್ಕ. ಎಲ್ಲೋ ಮಾಡಿನ ಮೇಲೆ ಕೂತು ಅನುಮಾನಿಸುತ್ತಿದ್ದರೆ ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿದು ನಿಲ್ಲುತ್ತದೆ.

ಎರಡನೆಯದು ಹೆಂಗಸರದು. ಗಂಡಸು ಗಣಿಯೊಳಗೆ ಇರುವಾಗ ನಮ್ಮ ಓಣಿಯಲ್ಲಿ ಯಾರೂ ಬಿಳಿ ದುಪ್ಪಟಿಯನ್ನು ಹೊರಗೆ ತಂದು ಕೊಡವುವುದಿಲ್ಲ. ಗಣಿ ಕುಸಿದಾಗ ಹೆಣಗಳನ್ನು ಅದರಲ್ಲಿ ಸುತ್ತಿ ತರುತ್ತಾರೆ. ಸಿದ್ಧ ಮಾಡಿಟ್ಟರೆ ಸಾವನ್ನು ಕರೆದ ಹಾಗೆ. ಒಗೆದ ದುಪ್ಪಟಿಯನ್ನು ಒಣಗಿಸುವುದು ಗಣಿಗೆ ರಜೆ ಇರುವ ಭಾನುವಾರ ಮಾತ್ರ. ಪಾದ್ರಿಗಳು ಭಾನುವಾರ ಒಗೆಯಬಾರದು ಎಂದು ಹೇಳಿ ಹೇಳಿ ಸೋತರು.

ಯುದ್ಧ ಬಂತು. ಗಣಿ ಹುಡುಗರನ್ನು ಸೈನ್ಯಕ್ಕೆ ಕರೆಯುವಂತಿರಲಿಲ್ಲ, ದೇಶಕ್ಕೆ ಕಲ್ಲಿದ್ದಲು ಬೇಕಿತ್ತು. ಆದರೆ ವಿಮಾನದಲ್ಲಿ ಹಾರಲು ತಾನಾಗಿ ಮುಂದೆ ಬಂದರೆ ಬಿಡುತ್ತಿದ್ದರು. ಸೆಪ್ ಯಾರಿಗೂ ಹೇಳದೆ ಹೋಗಿ ಹೆಸರು ಕೊಟ್ಟು ಬಂದ.

"ಯಾರು ಕೇಳಿದ್ರು ನಿನ್ನ?" ಎಂದಳು ಅಕ್ಕ. "ರಾಜನೇ ಬಂದು ಕರೆದ್ರೂ ನೀನು ಹೋಗಬೇಕಾಗಿರ್ಲಿಲ್ಲ. ನೀನೇ ಹೋಗಿ ಬಾಗಿಲು ತಟ್ಟಿದೀಯ."

"ಹೋಗ್ಲಿ ಬಿಡಮ್ಮ, ಬಟ್ಟೆ ಚೆನ್ನಾಗಿ ಕೊಡ್ತಾರೆ."

"ಕೆಳಗೆ ಸುರಕ್ಷಿತವಾಗಿದ್ಯಲ್ಲೋ" ಎಂದ ಜಾಸ್. ಹಿಂದಿನ ವರ್ಷ ಬಂಡೆ ಬಿದ್ದು ಜಜ್ಜಿಹೋದ ಅವನ ಕಾಲು ಬೆಂಚಿನ ಮೇಲೆ ಚಾಚಿತ್ತು.

ಸೆಪ್ ಆ ಕಾಲನ್ನು ನೋಡಿದ. "ಹೌದಪ್ಪ, ಕಾಣ್ತಾ ಇದೆ."

ಜಾಸ್ ಕಾಲನ್ನು ಬೆಂಚಿನಿಂದ ಕೆಳಗಿಳಿಸಿದ.

ಕೊಳವೆ ಕುಟ್ಟಿ ಕಲಿತ ಕೈ, ಟಕ್ ಟಕ್ ಎಂದು ಸುದ್ದಿ ಕಳಿಸುವ ತಂತಿಭಾಷೆ ಅವನಿಗೆ ನೀರು ಕುಡಿದಷ್ಟು ಸುಲಭವಾಯಿತು. ಬಾಂಬು ಹಾಕುವ ದೊಡ್ಡ ವಿಮಾನದಲ್ಲಿ ರೇಡಿಯೋ ನೋಡಿಕೊಳ್ಳುವವನಾದ. ಆ ದಿನಗಳಲ್ಲಿ ಪ್ರತಿ ವಿಮಾನದಲ್ಲೂ ಎರಡು ಪಾರಿವಾಳ ಇಟ್ಟುಕೊಳ್ಳುತ್ತಿದ್ದರು. ವಿಮಾನ ಸಮುದ್ರಕ್ಕೆ ಬಿದ್ದು ರೇಡಿಯೋ ಕೆಟ್ಟರೆ, ಎಲ್ಲಿ ಬಿದ್ದಿದ್ದೇವೆಂದು ಬರೆದು ಹಕ್ಕಿಯ ಕಾಲಿಗೆ ಕಟ್ಟಿ ಬಿಡಬೇಕು. ಅದು ತನ್ನ ಗೂಡಿಗೆ ಬರುತ್ತದೆ, ಗೂಡಿನವರು ಫೋನು ಮಾಡಬೇಕು. ಅದಕ್ಕಾಗಿ ವಾಯುಸೇನೆಯವರು ಊರೂರಿನಿಂದ ಹಕ್ಕಿಗಳನ್ನು ಎರವಲು ಪಡೆದರು. ಜಾಸ್ ಕೊಟ್ಟ ಬುಟ್ಟಿಯಲ್ಲಿ ಪೆಗ್ ಕೂಡ ಇತ್ತು. ಸೆಪ್‌ನ ನೆಲೆಗೇ ಆ ಬುಟ್ಟಿ ಹೋಯಿತು. ಹಕ್ಕಿ ನೋಡಿಕೊಳ್ಳುವ ಕಾರ್ಪೊರಲ್‌ನ ಕೈಯಲ್ಲಿ ಸಿಗರೇಟು ತುರುಕಿ, ತನ್ನ ವಿಮಾನಕ್ಕೆ ಪೆಗ್ಗೇ ಬರುವಂತೆ ಸೆಪ್ ಮಾಡಿಕೊಂಡ.

"ವಿಮಾನದವರೆಲ್ಲ ರೇಗಿಸ್ತಾರೆ ಮಾವ" ಎಂದ, ಮೊದಲ ರಜೆಗೆ ಬಂದಾಗ. "ಎಲ್ಲರ ಹೆಂಡ್ತಿ ಮನೇಲಿದ್ರೆ ಸೆಪ್‌ನ ಹೆಂಡ್ತಿ ಡಬ್ಬದಲ್ಲಿದಾಳೆ ಅಂತಾರೆ. ಹಿಂದುಗಡೆ ಬಂದೂಕಿಗೆ ಕೂರೋ ಕ್ಲಿಫ್ ಅಂತೂ ದಿನಾ ಅವಳ ಆರೋಗ್ಯ ವಿಚಾರಿಸ್ತಾನೆ."

ಕೊನೆಯ ರಜೆಗೆ ಬಂದಾಗ ನಗು ಇರಲಿಲ್ಲ. ಚಹಾದ ಬಟ್ಟಲು ತಟ್ಟೆಯ ಮೇಲೆ ಕಟಕಟ ಎನ್ನುತ್ತಿತ್ತು. ಅಕ್ಕ ಕಂಡೂ ಕಾಣದವಳಂತೆ ಬಟ್ಟಲನ್ನು ಅರ್ಧ ಮಾತ್ರ ತುಂಬಿಸಿದಳು. ಅವನು ನನ್ನ ಜೊತೆ ಕಲ್ಲಿದ್ದಲಿನ ದಿಬ್ಬದವರೆಗೆ ನಡೆದು ಬಂದ.

"ಮಾವ, ನಾವು ಹೋಗೋ ಊರುಗಳು ನಮ್ಮೂರಿನ ಥರಾನೇ ಇವೆ. ಬೆಂಕಿ ಹತ್ತಿದಾಗ ಎಲ್ಲ ಕಾಣುತ್ತೆ. ಗಣಿ ಚಕ್ರ, ಸಾಲು ಮನೆ. ಅಲ್ಲಿನ ಗಣಿಯವರೂ ಪಾರಿವಾಳ ಸಾಕ್ತಾರಂತೆ."

"ಯಾರು ಹೇಳಿದ್ದು?"

"ಅಪ್ಪಾನೇ. ಯುದ್ಧಕ್ಕೆ ಮುಂಚೆ ಅವರ ಹಕ್ಕಿ ಇಲ್ಲಿಗೂ ಬಂದಿತ್ತಂತೆ." ಓಣಿಯ ಗೂಡುಗಳ ಕಡೆ ತಿರುಗಿ, "ಗೂಡು ಮರದ್ದಲ್ವಾ ಮಾವ, ಬೇಗ ಹತ್ತಿಕೊಳ್ಳುತ್ತೆ" ಎಂದ.

ನನಗೆ ಸಿಟ್ಟು ಬಂತು. ಅವರು ನಮ್ಮ ಊರುಗಳ ಮೇಲೆ ಹಾಕಿದ್ದು ಹೂವೇ ಎಂದು ಕೇಳಿದೆ. ಇಪ್ಪತ್ತೆರಡು ವರ್ಷದ ಹುಡುಗ, ಮುದುಕನ ಹಾಗೆ ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತಿದ್ದ.

ಅವನು ಹೋದ ಮೇಲೆ ಅಕ್ಕನಿಗೆ ಆ ಬಿಳಿ ಸೂರು ಕಣ್ಣಿನ ಮುಳ್ಳಾಯಿತು. ಪಾತ್ರೆ ತೊಳೆಯುವ ಕಿಟಕಿಯಿಂದ ನೇರ ಕಾಣುತ್ತಿದ್ದದ್ದೇ ಅದು.

"ಪೆಗ್ ಅಲ್ಲಿಗೆ ಬರೋದು ಯಾವಾಗ ಹೇಳು" ಎಂದಳು ಗಂಡನಿಗೆ. "ವಿಮಾನ ಬಿದ್ದಾಗ ತಾನೆ? ಬಿಳೀ ಬಳ್ಕೊಂಡು ಕಾಯೋದು ಅಂದ್ರೆ ನನ್ನ ಮಗ ಬೀಳ್ಲಿ ಅಂತ ಕಾದ ಹಾಗೆ. ಅದನ್ನ ಅಳಿಸು."

"ಗೂಡಿನ ಮುಖ ಬದಲಾಯಿಸಬಾರದು ಕಣೆ."

"ದುಪ್ಪಟೀನ ಹೊರಗೆ ಕೊಡವಬಾರದು ಅಂತ ನಲವತ್ತು ವರ್ಷದಿಂದ ನಾನು ಕೇಳಿದೀನಿ. ಇದೊಂದು ಮಾತು ನೀನು ಕೇಳು."

ಈ ತರ್ಕಕ್ಕೆ ನಮ್ಮ ಊರಿನಲ್ಲಿ ಎದುರಿಲ್ಲ. ಹೊರಗಿನವರು ನಕ್ಕಾರು. ಇಲ್ಲಿ ಹುಟ್ಟಿದ ಜಾಸ್ ನಗಲಿಲ್ಲ. ಅವನಿಗೂ ಒಳಗೊಳಗೇ ಅದೇ ಹೆದರಿಕೆ ಇತ್ತೆಂದು ಕಾಣುತ್ತದೆ. ಒಂದು ಭಾನುವಾರ ಗಣಿಯಿಂದ ಒಂದು ಡಬ್ಬ ಟಾರು ತಂದು ಸೂರಿಗೆ ಬಳಿದ. ನೋಡಿದವರಿಗೆ, ಬೆಳದಿಂಗಳಲ್ಲಿ ಜರ್ಮನರಿಗೆ ಕಾಣಬಾರದಲ್ಲ ಎಂದ. "ಹೆಂಡ್ತಿಗೆ ಕಾಣಬಾರದು ಅನ್ನು" ಎಂದು ಪಕ್ಕದ ಗೂಡಿನವನು ಕಿಚಾಯಿಸಿದ. ಚಳಿಗೆ ಟಾರು ಒಣಗದೆ ಜಿಗುಟು ಜಿಗುಟಾಗಿ ಉಳಿಯಿತು.

ಅದೇ ವಾರ, ನಲವತ್ತಮೂರರ ಮಾರ್ಚ್ ತಿಂಗಳು, ನಾನು ರಾತ್ರಿಪಾಳಿ ಮುಗಿಸಿ ಬಂದು ತಿಂಡಿಗೆ ಕೂತಿದ್ದೆ. ಕಿಟಕಿಯಾಚೆ ಜಾಸ್‌ನ ದನಿ ಕೇಳಿಸಿತು. ಕೂಗಲ್ಲ, ಕೂಗಿದ್ದರೆ ನಾನು ಅಷ್ಟು ಬೇಗ ಏಳುತ್ತಿರಲಿಲ್ಲ. ಪಿಸುಮಾತು.

"ಮ್ಯಾಟ್, ನಿಧಾನ ಹೊರಗೆ ಬಾ. ಪೆಗ್ ಬಂದಿದೆ."

ಪ್ರಾರ್ಥನಾಮಂದಿರದ ಮಾಡಿನ ತುದಿಯಲ್ಲಿ ಒಂದು ಹಕ್ಕಿ ಒದ್ದೆ ಮುದ್ದೆಯಾಗಿ ಕೂತಿತ್ತು. ಕಾಲಿನಲ್ಲಿ ಕೆಂಪು ಕೊಳವೆ. ಅದರೊಳಗೆ ನಮ್ಮ ಹುಡುಗ ಸಮುದ್ರದಲ್ಲಿ ಎಲ್ಲಿದ್ದಾನೆ ಎಂಬುದಿತ್ತು. ಜಾಸ್ ಕಾಳಿನ ಡಬ್ಬ ಅಲ್ಲಾಡಿಸಿ ಸಿಳ್ಳೆ ಹಾಕಿದ. ಪೆಗ್ ಎದ್ದಿತು, ಗೂಡುಗಳ ಮೇಲೆ ಒಂದು ಸುತ್ತು ಹಾಕಿತು, ಕಪ್ಪು ಸೂರಿನ ಮೇಲೆ ಬಂದು ರೆಕ್ಕೆ ಬಡಿದು, ಇಳಿಯದೆ ಮತ್ತೆ ಮಾಡಿಗೆ ಹೋಯಿತು. ಜಾಸ್‌ನ ಮುಖ ಸುಣ್ಣದ ಹಾಗಾಯಿತು. ಅವನಿಗೆ ಅರ್ಥವಾಗಿತ್ತು, ನನಗೂ ಅರ್ಥವಾಗಿತ್ತು.

ಸೆಪ್‌ನ ನೆಲೆಗೆ ಫೋನು ಮಾಡಲು ಪೊಲೀಸನನ್ನು ಓಡಿಸಿದೆವು. ಅವನು ಬಂದು, ವಿಮಾನ ಬಂದಿಲ್ಲವಂತೆ, ರೇಡಿಯೋ ಮಾತೂ ಇಲ್ಲವಂತೆ, ಎಲ್ಲಿ ಅಂತ ಗೊತ್ತಾಗದೆ ಅಷ್ಟು ದೊಡ್ಡ ಸಮುದ್ರದಲ್ಲಿ ಏನು ಹುಡುಕೋದು ಅಂತಾರೆ, ಎಂದ. ಓಣಿ ತುಂಬ ಜನ. ಒಂದು ಕೆಮ್ಮಿಲ್ಲ. ಪಂದ್ಯದ ದಿನ ನಿಲ್ಲುವ ಹಾಗೆಯೇ ನಿಂತರು. ಅವರಿಗೆ ಗೊತ್ತಿದ್ದದ್ದು ಅದೊಂದೇ. ಹಕ್ಕಿಯನ್ನು ಬೆದರಿಸಬಾರದು, ಕಾಯಬೇಕು, ಇಳಿದೇ ಇಳಿಯುತ್ತದೆ.

ಹೊತ್ತು ಏರಿತು. ಪೆಗ್ ಮತ್ತೆ ಸುತ್ತಿತು, ಮತ್ತೆ ಹೋಗಿ ಕೂತಿತು. ನನಗೆ ತಡೆಯಲಾಗಲಿಲ್ಲ. ಮೊಲ ಹೊಡೆಯುವ ನನ್ನ ಬಂದೂಕು ತಂದೆ.

"ಹೊಡೆದು ಬೀಳಿಸ್ತೀನಿ" ಎಂದೆ. "ಕಾಗದ ಸಿಕ್ಕಿದ್ರೆ ಸಾಕು."

ಜಾಸ್ ನಳಿಗೆಯ ಮುಂದೆ ಬಂದು ನಿಂತ. "ಗುಂಡು ತಾಗಿ ಅದು ಆಚೆ ಹಳ್ಳಕ್ಕೆ ಬಿದ್ರೆ? ಕಾಗದ ಚಿಂದಿಯಾದ್ರೆ? ಗುರಿ ತಪ್ಪಿ ಅದು ಹೆದರಿ ಹಾರಿಹೋದ್ರೆ ಆಮೇಲೇನು ಮಾಡ್ತೀಯ?"

"ಅಷ್ಟರಲ್ಲಿ ಅವನು ಸಾಯ್ತಾನೆ ಭಾವ."

"ಅವನು ಕಂಕುಳಲ್ಲಿಟ್ಟು ಮರಿ ಮಾಡಿದ ಹಕ್ಕಿ ಕಣೋ. ಅವನು ಕಳಿಸಿದ್ದು. ಅದು ಇಳಿಯುತ್ತೆ."

ನಾನು ಬಂದೂಕು ಇಳಿಸಿದೆ. ಅವನು ಹೇಳಿದ್ದರಲ್ಲಿ ತಪ್ಪು ಒಂದೂ ಇರಲಿಲ್ಲ. ಆದರೂ ಅವನ ಕತ್ತು ಹಿಸುಕಬೇಕು ಎನ್ನಿಸಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಅಕ್ಕ ಅಷ್ಟು ಹೊತ್ತೂ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಹಕ್ಕಿಯನ್ನಲ್ಲ, ಸೂರನ್ನು ನೋಡುತ್ತಿದ್ದಳು. ಗಣಿಯ ಮಧ್ಯಾಹ್ನದ ಸಿಳ್ಳೆ ಕೂಗುವ ಹೊತ್ತಿಗೆ ಒಳಗೆ ಹೋದಳು. ಬಂದಾಗ ಕೈಯಲ್ಲಿ ಮಗನ ಮುಂದಿನ ರಜೆಗೆಂದು ಇಸ್ತ್ರಿ ಮಾಡಿಟ್ಟ ಬಿಳಿ ದುಪ್ಪಟಿ ಇತ್ತು. ಓಣಿಯ ಹೆಂಗಸರೆಲ್ಲ ಒಮ್ಮೆಲೇ ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು. ಪಾಳಿಯವರು ಕೆಳಗಿದ್ದರು, ಮಗ ಸಮುದ್ರದಲ್ಲಿದ್ದ. "ಬೇಡ ಹಾನಾ" ಎಂದಳೊಬ್ಬಳು. ಅಕ್ಕ ತಿರುಗಿಯೂ ನೋಡಲಿಲ್ಲ. ಏಣಿ ಹತ್ತಿದಳು, ದುಪ್ಪಟಿಯನ್ನು ಎರಡೂ ಕೈಯಿಂದ ಕೊಡವಿ ಸೂರಿನ ಮೇಲೆ ಹಾಸಿದಳು. ಹಸಿ ಟಾರಿಗೆ ಅದು ಅಂಟಿಕೊಂಡಿತು. ಅವಳು ಕೆಳಗಿಳಿದು ಮುಗಿಸಿರಲಿಲ್ಲ, ಪೆಗ್ ಮಾಡಿನಿಂದ ನೇರ ಬಂದು ಆ ಬಿಳಿಯ ಮೇಲೆ ಇಳಿದು ಗೂಡಿನೊಳಗೆ ನುಗ್ಗಿತು.

ಜಾಸ್ ಹಕ್ಕಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕೊಳವೆ ನಾನೇ ಬಿಚ್ಚಿದೆ. ಪೆನ್ಸಿಲಿನಲ್ಲಿ ಬರೆದ ಅಂಕಿಗಳು, ಕೆಳಗೆ 'ಐದು ಜನ, ರಬ್ಬರ್ ದೋಣಿ'. ಪೊಲೀಸ್ ಓಡಿದ.

ಸಂಜೆ ಸುದ್ದಿ ಬಂತು. ದೋಣಿ ಸಿಕ್ಕಿತು. ಇಬ್ಬರು ಬದುಕಿದ್ದರು. ಅವರಲ್ಲಿ ಸೆಪ್ ಇರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಾರಲಿಲ್ಲ ಎನ್ನುತ್ತಾರಲ್ಲ, ಆ ಮಾತನ್ನು ಊಟದ ವಿಷಯಕ್ಕೆ ಮಾತ್ರ ಬಳಸುವವರು ಪುಣ್ಯವಂತರು.

ಶವವನ್ನು ಊರಿಗೆ ಕಳಿಸಿದರು. ಅವನ ಅಣ್ಣಂದಿರ ಪಕ್ಕದಲ್ಲಿ ಮಣ್ಣು ಮಾಡಿದೆವು. ದುಪ್ಪಟಿ ಕೊಡವಿದ್ದರಿಂದಲೇ ಹೋದ ಎಂದು ಓಣಿಯಲ್ಲಿ ಕೆಲವರು ಆಡಿಕೊಂಡರು. ಅವರ ನಾಲಗೆಗೆ ಹುಳ ಬೀಳಲಿ. ಆ ದುಪ್ಪಟಿ ಇಲ್ಲದಿದ್ದರೆ ಆ ಇಬ್ಬರೂ ಹೋಗುತ್ತಿದ್ದರು. ಅಕ್ಕ, ಭಾವ ಮಾತ್ರ ಒಬ್ಬರಿಗೊಬ್ಬರು ಆ ಬೆಳಗಿನ ವಿಚಾರ ಎತ್ತಲಿಲ್ಲ. ಬಳಿಸಿದವಳು ಅವಳು, ಬಳಿದವನು ಅವನು. ಒಂದೇ ಮೇಜಿನಲ್ಲಿ ಕೂತು ಉಣ್ಣುತ್ತಿದ್ದರು, ಇಬ್ಬರೂ ತಟ್ಟೆ ನೋಡಿಕೊಂಡು.

ಬೇಸಿಗೆಯಲ್ಲಿ ಕ್ಲಿಫ್ ಬಂದ. ವಿಮಾನದ ಹಿಂದಿನ ಬಂದೂಕಿನ ಹುಡುಗ, ಬದುಕಿದ ಇಬ್ಬರಲ್ಲಿ ಒಬ್ಬ. ಚಳಿಗೆ ಕೊಳೆತ ಎರಡು ಬೆರಳನ್ನು ಕತ್ತರಿಸಿದ್ದರು. ಲಂಡನ್ ಕಡೆಯವನು, ಮಾತಿನ ಮಲ್ಲ ಎಂದು ಸೆಪ್ ಹೇಳುತ್ತಿದ್ದ. ನಮ್ಮೆದುರು ಮಾತಿಗೆ ತಡಕಾಡಿದ. ಅಕ್ಕ ತನ್ನ ಪಾಲಿನ ಸಕ್ಕರೆಯನ್ನೆಲ್ಲ ಅವನ ಚಹಾಕ್ಕೆ ಹಾಕಿದಳು.

"ರೇಡಿಯೋಗೆ ಗುಂಡು ಬಿದ್ದಿತ್ತು" ಎಂದ. "ನೀರಿಗೆ ಬಿದ್ದಾಗ ಸೆಪ್ ಮೊದಲು ಮಾಡಿದ್ದು ಪೆಗ್‌ನ ಅಂಗಿಯೊಳಗೆ ಹಾಕ್ಕೊಂಡಿದ್ದು. ಇನ್ನೊಂದು ಹಕ್ಕಿ ಮುಳುಗೋಯ್ತು. ಇವನು ಒಂದೇ ಕೈಲಿ ಈಜಿ ದೋಣಿಗೆ ಬಂದ. ಅದಕ್ಕೇ ನಮಗಿಂತ ಜಾಸ್ತಿ ನೆಂದುಬಿಟ್ಟ. ಬೆಳಕು ಹರೀತಿದ್ದ ಹಾಗೆ ಅವಳನ್ನ ಬಿಟ್ಟ. 'ತಿಂಡಿ ಹೊತ್ತಿಗೆ ಮನೆ ಸೇರ್ತಾಳೆ. ನಮ್ಮಪ್ಪನ ಬಿಳಿ ಸೂರು ಅವಳಿಗೆ ಹತ್ತು ಮೈಲಿಯಿಂದ ಕಾಣುತ್ತೆ, ಊಟದ ಹೊತ್ತಿಗೆ ನಮ್ಮನ್ನ ಎತ್ತುತಾರೆ' ಅಂದ. ಅದೊಂದೇ ಮಾತು ಹೇಳಿ ಹೇಳಿ ನಮ್ಮನ್ನ ಎಚ್ಚರ ಇಟ್ಟಿದ್ದ."

ಜಾಸ್ ಕುರ್ಚಿಯ ಕೈ ಹಿಡಿದುಕೊಂಡ.

"ಊಟದ ಹೊತ್ತು ಕಳೀತು" ಎಂದ ಕ್ಲಿಫ್. "ಆಮೇಲೆ ಅವನು, 'ಪಾಪ, ಗಿಡುಗ ಹಿಡಿದಿರಬೇಕು ಅವಳನ್ನ' ಅಂತ ಅತ್ತ. ತನಗೋಸ್ಕರ ಅಲ್ಲ. ಆಮೇಲೆ ಮಾತಾಡಲಿಲ್ಲ. ಬೋಟಿನ ಸದ್ದು ಕೇಳಿದಾಗ ಅವನನ್ನ ಅಲುಗಿಸಿದೆ. ಹೋಗಿಬಿಟ್ಟಿದ್ದ. ಕುತ್ತಿಗೆ ಇನ್ನೂ ಬೆಚ್ಚಗಿತ್ತು." ಅವನು ಬಟ್ಟಲು ಕೆಳಗಿಟ್ಟ. "ಒಂದು ಕೇಳಬೇಕು ಅಂತಾನೇ ಬಂದೆ. ಪೆಗ್ ಎಷ್ಟು ಹೊತ್ತಿಗೆ ಬಂತು?"

ಜಾಸ್ ಬಾಯಿ ತೆರೆದ. ಅವನು ಸುಳ್ಳು ಹೇಳುವವನಲ್ಲ, ಪಂದ್ಯದಲ್ಲಿ ಕೂಡ ಹೇಳಿದವನಲ್ಲ. ಅವನು ಏನು ಹೇಳಲಿದ್ದಾನೆಂದು ನನಗೆ ಗೊತ್ತಿತ್ತು.

"ಮಧ್ಯಾಹ್ನ ಆಗಿತ್ತಪ್ಪ" ಎಂದಳು ಅಕ್ಕ. "ಎದುರುಗಾಳಿ ಇತ್ತಲ್ಲ, ಪಾಪ, ರೆಕ್ಕೆ ಎತ್ತೋಕಾಗ್ತಿರ್ಲಿಲ್ಲ. ಬಂದ ತಕ್ಷಣ ಸೂರಿಗೆ ಇಳೀತು. ಇವರು ಒಂದು ಕ್ಷಣ ಕೂಡ ತಡ ಮಾಡ್ಲಿಲ್ಲ."

ಕ್ಲಿಫ್ ತಲೆಯಾಡಿಸಿದ. ಭುಜದ ಮೇಲಿದ್ದ ಏನನ್ನೋ ಇಳಿಸಿದವನ ಹಾಗೆ ಕೂತ. "ಹಾಗಾದ್ರೆ ಯಾರೂ ಏನೂ ಮಾಡೋಕಾಗ್ತಿರ್ಲಿಲ್ಲ" ಎಂದ. ಅವನಿಗೆ ಪೆಗ್ಗನ್ನು ತೋರಿಸಿದೆವು. ಅವನು ಮೂರು ಬೆರಳಿನ ಕೈಯಲ್ಲಿ ಅದರ ತಲೆ ಸವರಿ, ಹೇಗಿದ್ದೀಯಮ್ಮ ಎಂದು ಕೇಳಿದ. ಸಂಜೆಯ ಬಸ್ಸಿಗೆ ಹೋದ.

ಬಸ್ಸು ತಿರುವು ದಾಟಿದ ಮೇಲೆ ಜಾಸ್ ಕೇಳಿದ. ಮಾರ್ಚ್‌ನಿಂದ ಆ ಮಾತು ಎತ್ತಿದ್ದು ಅದೇ ಮೊದಲು.

"ಯಾಕೆ ಹಾಗೆ ಹೇಳಿದೆ?"

"ಆ ಹುಡುಗ ಇನ್ನೂ ಬದುಕಬೇಕಲ್ಲ" ಎಂದಳು ಅಕ್ಕ. ಸೆರಗಿನಂತೆ ಹೊದ್ದ ಶಾಲಿನ ತುದಿಯಿಂದ ಮೂಗು ಒರೆಸಿಕೊಂಡಳು. "ನೀನೂ."

ಜಾಸ್ ಬೀದಿಯಲ್ಲೇ ನಿಂತು ಅತ್ತ. ಅಕ್ಕ ಅವನ ತೋಳು ಹಿಡಿದು ಮನೆಗೆ ಕರೆದುಕೊಂಡು ಬಂದಳು. ನನಗೆ ಇಬ್ಬರ ಮೇಲೂ ಇದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ, ಆಮೇಲೆ ಹುಡುಕಿದರೂ ಸಿಗಲಿಲ್ಲ.

ಆ ದುಪ್ಪಟಿಯನ್ನು ಟಾರಿನಿಂದ ಬಿಡಿಸಲು ಆಗಲೇ ಇಲ್ಲ. ಮಳೆ, ಬಿಸಿಲಿಗೆ ಅದು ಸೂರಿನ ಮೇಲೆಯೇ ಹಳತಾಯಿತು. ಅದರ ಮೇಲೆ ಪ್ರತಿ ವಸಂತದಲ್ಲೂ ಜಾಸ್ ಬಿಳಿ ಬಣ್ಣ ಬಳಿದ. ವಾಯುಸೇನೆಯವರು ಪೆಗ್ಗನ್ನು ವಾಪಸು ಕೇಳಿದಾಗ, ಇನ್ನು ಅದು ಎಲ್ಲಿಗೂ ಬರೋದಿಲ್ಲ ಎಂದು ಅಕ್ಕ ಬಾಗಿಲಲ್ಲೇ ಹೇಳಿ ಕಳಿಸಿದಳು. ಹಕ್ಕಿಗಳ ಹತ್ತಿರ ಸುಳಿಯದಿದ್ದವಳು ಆಮೇಲೆ ದಿನಾ ಬೆಳಿಗ್ಗೆ ತಾನೇ ಹೋಗಿ ಅದಕ್ಕೆ ಕಾಳು ಹಾಕುತ್ತಿದ್ದಳು. ಪೆಗ್ ಮುದಿಯಾಗಿ ಕಾಳು ಒಡೆಯಲಾರದೆ ಹೋದಾಗ, ಅಕ್ಕ ಗೂಡಿನ ಮುಂದೆ ಕೂತು ಕಾಳನ್ನು ತನ್ನ ಬಾಯಲ್ಲಿ ಅಗಿಯುತ್ತಿದ್ದುದನ್ನು ನಾನು ನೋಡಿದ್ದೇನೆ.